ಆಯಿಗೊಂದು ಕಿಟಕಿ

ನಾನು ಚಿಕ್ಕವಳಿದ್ದಾಗ ಯರಗಟ್ಟಿಯ ನಮ್ಮ ಮನೆಗೆ ಒಂದೇ ಒಂದು ಕಿಟಕಿಯೂ ಇರಲಿಲ್ಲ ಎಂದರೆ ನೀವು ನಂಬುವುದಿಲ್ಲ, ಮಕ್ಕಳೇ. ಕಲ್ಲುಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಆ ಮಾಳಿಗೆಯಲ್ಲಿ ತಟ್ಟೆಯಷ್ಟಗಲದ ಒಂದು ಬೆಳಕಿಂಡಿ. ಮಧ್ಯಾಹ್ನ ಅದರಿಂದ ಇಳಿದ ಬಿಸಿಲು ನಡುಮನೆಯ ನೆಲದ ಮೇಲೆ ರೊಟ್ಟಿಯ ಹಾಗೆ ದುಂಡಗೆ ಬಿದ್ದಿರುತ್ತಿತ್ತು, ಸಂಜೆಯಾಗುವಷ್ಟರಲ್ಲಿ ಗೋಡೆ ಹತ್ತಿ ಮಾಯವಾಗುತ್ತಿತ್ತು. ಒಳಗೆ ಬೇಸಿಗೆಯಲ್ಲೂ ತಂಪು. ಸೆಗಣಿ ಸಾರಿಸಿದ ನೆಲ, ಜೋಳದ ಚೀಲ, ಸೀಮೆಎಣ್ಣೆಯ ಚಿಮಣಿ, ಎಲ್ಲದರ ವಾಸನೆ ಕೂಡಿ ಒಂದೇ ವಾಸನೆಯಾಗಿರುತ್ತಿತ್ತು.

ನಾನು ಬೆಳಗಾವಿಯಲ್ಲಿ ಅತ್ತೆಯ ಮನೆಯಲ್ಲಿದ್ದು ಕಾನ್ವೆಂಟಿಗೆ ಹೋಗುತ್ತಿದ್ದೆ. ಐದನೆಯ ಕ್ಲಾಸು. ನಮ್ಮ ಸಿಸ್ಟರ್ ಹೈಜೀನ್ ಪಾಠದಲ್ಲಿ ‘ಕ್ರಾಸ್ ವೆಂಟಿಲೇಶನ್’ ಎಂದು ಬೋರ್ಡಿನ ಮೇಲೆ ಬರೆದು, ಗಾಳಿ ಒಂದು ಕಿಟಕಿಯಿಂದ ಬಂದು ಇನ್ನೊಂದರಿಂದ ಹೋಗುವಂತೆ ಬಾಣಗಳನ್ನು ಹಾಕಿ ತೋರಿಸಿದ್ದರು. ಆ ಬಾಣಗಳನ್ನು ತಲೆಯಲ್ಲಿಟ್ಟುಕೊಂಡೇ ಬೇಸಿಗೆ ರಜೆಗೆ ಊರಲ್ಲಿ ಬಸ್ಸು ಇಳಿದೆ.

ಆಗ ಆಯಿ ಹಾಸಿಗೆ ಹಿಡಿದಿದ್ದಳು. ಆಯಿ ಎಂದರೆ ಅಪ್ಪನ ಅವ್ವ. ಬಾವಿಯ ಹತ್ತಿರ ಜಾರಿ ಬಿದ್ದು ಸೊಂಟದ ಎಲುಬು ಮುರಿದು ನಾಲ್ಕು ತಿಂಗಳಾಗಿತ್ತು. ಅಲುಗಾಡಿಸಲೇಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ನಡುಮನೆಯ ಹೊರಸೇ ಆಕೆಯ ಲೋಕವಾಗಿತ್ತು. ಹೊರಸಿನ ಪಕ್ಕದ ಗೋಡೆಯ ಆಚೆಗೇ ಹಿತ್ತಲು. ಆಕೆ ಎದ್ದು ಓಡಾಡುವಾಗ ಅದು ಆಕೆಯ ರಾಜ್ಯ. ಒಂದು ಪೈಸೆ ಖರ್ಚಿಲ್ಲದೆ ಬೆಳೆಸಿದ್ದು: ಬಚ್ಚಲ ನೀರು, ಒಲೆಯ ಬೂದಿ, ಮಂದಿಯ ಮನೆಯಿಂದ ಬೇಡಿ ತಂದ ಟೊಂಗೆ, ಹಳೆಯ ಸೀರೆ ಸೀಳಿ ಕಟ್ಟಿದ ಅವರೆ ಚಪ್ಪರ. ಅಬ್ಬಲಿಗೆ, ಬಸಳೆ, ಕರಿಬೇವು, ಮೂಲೆಯಲ್ಲೊಂದು ದುಂಡುಮಲ್ಲಿಗೆ.

ಆಕೆ ಬಿದ್ದ ತಿಂಗಳಲ್ಲೇ ಮುಳ್ಳುಬೇಲಿ ಒಂದು ಕಡೆ ಕುಸಿಯಿತು. ಓಣಿಯ ಆಡುಗಳು ನುಗ್ಗಿ ಒಂದೇ ಮಧ್ಯಾಹ್ನದಲ್ಲಿ ಎಲ್ಲವನ್ನೂ ಬೋಳಿಸಿಹಾಕಿದವು. ಉಳಿದ ಕಡ್ಡಿಗಳಿಗೆ ನೀರು ಹಾಕಲು ಅವ್ವನಿಗೆ ಪುರುಸೊತ್ತೆಲ್ಲಿತ್ತು? ಅಡುಗೆ, ದನ, ಆಯಿಯ ಸೇವೆ. ಕೊನೆಗೆ ಆ ಜಾಗದಲ್ಲಿ ಹತ್ತಿಕಟ್ಟಿಗೆ ಒಟ್ಟಿದರು, ಸೆಗಣಿಯ ಕುಳ್ಳು ತಟ್ಟಿ ಒಣಹಾಕಿದರು.

ಇದನ್ನು ಆಯಿಗೆ ಯಾರೂ ಹೇಳಲಿಲ್ಲ. ಮೊದಲು ನಾಳೆ ಹೇಳೋಣ ಅಂದುಕೊಂಡರಂತೆ. ಆಮೇಲೆ ಹೇಳುವುದು ಸಾಧ್ಯವೇ ಆಗಲಿಲ್ಲ. ಬೆಳಗಾದರೆ ಆಯಿ, “ಅಬ್ಬಲಿಗಿ ಬಿಟ್ಟಾವೇನ?” ಎಂದು ಕೇಳುವಳು. ಅವ್ವ, “ಬಿಟ್ಟಾವ್ರಿ ಅತ್ತಿ” ಅನ್ನುವಳು. ಆ ಮಾತಿಗೆ ಸಾಕ್ಷಿ ಬೇಕಲ್ಲ, ಆಯಿ ಏಳುವ ಮುಂಚೆ ಅಕ್ಕ ಹೂಗಾರರ ಮನೆಗೆ ಓಡಿಹೋಗಿ ಒಂದು ಬೊಗಸೆ ಹೂವು ತಂದು ದಿಂಬಿನ ಪಕ್ಕ ಇಡುತ್ತಿದ್ದಳು. ಆಯಿ ಮಲಗಿದಲ್ಲೇ ಮಾಲೆ ಕಟ್ಟಿ, “ಗಿಡಕ್ಕ ಕೈಗುಣ ಅಂದ್ರ ಇದು” ಎಂದು ಹೆಮ್ಮೆಪಡುತ್ತಿದ್ದಳು.

ನಾನು ಬಂದ ದಿನವೇ ಅಕ್ಕ ನನ್ನನ್ನು ದನದ ಕೊಟ್ಟಿಗೆಗೆ ಎಳೆದುಕೊಂಡು ಹೋಗಿ ಎಲ್ಲ ಹೇಳಿ, “ಆಯಿ ಮುಂದ ಬಾಯಿ ಬಿಟ್ಟೀ ಅಂದ್ರ ನೋಡು!” ಎಂದು ಕಿವಿ ಹಿಂಡಿದ್ದಳು.

ಹಿತ್ತಲಿನ ಬಗ್ಗೆ ನಾನು ಬಾಯಿ ಬಿಡಲಿಲ್ಲ. ಬಿಟ್ಟದ್ದು ಬೇರೆಯದರ ಬಗ್ಗೆ. ಎಲ್ಲರೂ ಊಟಕ್ಕೆ ಕೂತಿದ್ದಾಗ, ನನ್ನ ಕಾನ್ವೆಂಟಿನ ಕಾನ್ಫಿಡೆನ್ಸಿನಲ್ಲಿ ಹೇಳಿಯೇಬಿಟ್ಟೆ: “ಆಯಿ, ಈ ಗ್ವಾಡಿಗೆ ಒಂದು ಕಿಡಕಿ ಮಾಡಿದ್ರ ನೀ ಮಲಕೊಂಡಲ್ಲೇ ಹಿತ್ತಲಾ ಎಲ್ಲಾ ಕಾಣತೈತಿ. ಫ್ರೆಶ್ ಏರ್ ಬ್ಯಾರೆ!”

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ಅಕ್ಕ ನನ್ನ ತೊಡೆ ಚಿವುಟಿದಳು. ಹೇಳಿದ ಮೇಲೆಯೇ ನನಗೆ ಹೊಳೆದದ್ದು. ಆದರೆ ಆಯಿಯ ಮುಖ ಆಗಲೇ ಅರಳಿಹೋಗಿತ್ತು. “ಹುಡುಗಿ ಸಾಲಿ ಕಲತದ್ದು ಸಾರ್ಥಕ ಆತು ನೋಡೋ” ಎಂದು ಅಪ್ಪನ ಕಡೆ ತಿರುಗಿ, “ನಾ ನಿನಗ ಇಷ್ಟು ದಿನಾ ಏನೂ ಬೇಡಿಲ್ಲ. ಇದೊಂದು ಮಾಡಿಕೊಡು” ಅಂದಳು. ಅಪ್ಪನಿಗೆ ಇಲ್ಲ ಅನ್ನಲು ಆಗಲಿಲ್ಲ.

ಅಪ್ಪ ಕಾಳುಕಡಿಯ ಅಡತಿ ಅಂಗಡಿಯಲ್ಲಿ ಗುಮಾಸ್ತ. ಲೇಖನಿ ಹಿಡಿದ ಕೈ. ಆದರೂ ಅವನದೊಂದು ಪ್ಲ್ಯಾನ್ ಇತ್ತು: ಗೋಡೆಯನ್ನು ಎಂಟು ದಿನ ಮೆಲ್ಲಗೆ, ಮೆಲ್ಲಗೆ ಒಡೆಯುವುದು. ಅಷ್ಟರಲ್ಲಿ ನಾವು ಹಿತ್ತಲು ಸ್ವಚ್ಛ ಮಾಡಿ, ತುಪ್ಪದ ಖಾಲಿ ಡಬ್ಬಿಗಳಲ್ಲಿ ಹೂಗಾರರ ಮನೆಯ ಸಸಿ ನೆಟ್ಟು, ಕಿಟಕಿಯೆದುರು ಸಾಲಾಗಿ ಇಡುವುದು. ಕಿತ್ತೂರಿನ ಕಡೆ ಯಾರೋ ಹಳೆಯ ವಾಡೆ ಕೆಡವಿದ್ದರು, ಅಲ್ಲಿಂದ ಒಂದು ಸಾಗವಾನಿ ಚೌಕಟ್ಟನ್ನು ಅಗ್ಗದಲ್ಲಿ ಕೊಂಡು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬಂದ. “ಗೌಂಡೀನ್ನ ಕರೀರಿ” ಎಂದು ಅವ್ವ ಹೇಳಿದರೆ, “ನಾಕು ಕಲ್ಲು ಕೀಳಾಕ ಗೌಂಡಿ ಯಾಕ ಬೇಕು?” ಅಂದ.

ಆ ಭಾನುವಾರ ಬೆಳಿಗ್ಗೆ ಅಪ್ಪ ಇದ್ದಿಲಿನಿಂದ ಗೋಡೆಯ ಮೇಲೆ ಚೌಕ ಬರೆದ. ಹೊರಗೆ ಅಕ್ಕ ಮತ್ತು ನಾನು ಡಬ್ಬಿಗಳ ತಳಕ್ಕೆ ಮೊಳೆಯಿಂದ ತೂತು ಹೊಡೆಯುತ್ತಿದ್ದೆವು. ಮೊದಲನೆಯ ಕಲ್ಲು ಹಲ್ಲಿನ ಹಾಗೆ ಅಲುಗಾಡಿ ಬಂತು. ಎರಡನೆಯದೂ ಬಂತು. ಮೂರನೆಯದನ್ನು ಹಾರೆಯಿಂದ ಮೀಟಿದ್ದೇ ತಡ, ಗೋಡೆಯ ಹೊಟ್ಟೆಯಿಂದ ಮಣ್ಣು ಸುರಿಯತೊಡಗಿತು. ಆ ಹಳೆಯ ಗೋಡೆಗಳಿಗೆ ಒಳಗೊಂದು ಹೊರಗೊಂದು ಕಲ್ಲಿನ ಮುಖ, ನಡುವೆ ತುಂಬಿದ್ದು ಬರೀ ಪುಡಿಮಣ್ಣು. ಹರಿದ ಚೀಲದಿಂದ ಜೋಳ ಸುರಿದ ಹಾಗೆ ಸರ್ರನೆ, ನಿಲ್ಲದೆ ಸುರಿಯಿತು.

ಅಪ್ಪ ಅಂಗೈ ಒತ್ತಿ ಹಿಡಿದ. ಬೆರಳ ಸಂದಿಯಿಂದ ಸುರಿಯಿತು. ಟವೆಲ್ ತುರುಕಿದ, ಟವೆಲ್ಲೇ ಒಳಗೆ ಹೋಯಿತು. ಅಪ್ಪನ ಕೂಗು ಕೇಳಿ ನಾವು ಒಳಗೆ ಓಡಿ ಬರುವಷ್ಟರಲ್ಲಿ ಹೊರಮುಖದ ಕಲ್ಲುಗಳು ದಡದಡನೆ ಹಿತ್ತಲಿಗೆ ಉರುಳಿ, ಎಮ್ಮೆಯ ತಲೆ ಹಿಡಿಸುವಷ್ಟು ದೊಡ್ಡ ಕಂಡಿ ಬಿತ್ತು. ಎಂಟು ದಿನದ ಕೆಲಸ ಒಂದೇ ಗಳಿಗೆಯಲ್ಲಿ ಮುಗಿದಿತ್ತು. ಹೊರಗೆ ಹತ್ತಿಕಟ್ಟಿಗೆಯ ಬಣವೆ ಇದ್ದಲ್ಲೇ ಇತ್ತು.

ಬೆಳಕು ಬಂತು. ನಡುಮನೆಯಲ್ಲಿ ಅಂಥ ಬೆಳಕನ್ನು ನಾನು ಎಂದೂ ಕಂಡಿರಲಿಲ್ಲ. ಹಾರಾಡುವ ಧೂಳಿನ ಒಂದೊಂದು ಕಣವೂ ಹೊಳೆಯುತ್ತಿತ್ತು. “ಬಂತಲ್ಲೋ ಬೆಳಕು!” ಎಂದು ಆಯಿ ಚಿಕ್ಕ ಹುಡುಗಿಯ ಹಾಗೆ ಕೂಗಿ, ಮೊಣಕೈ ಊರಿ ತಲೆ ಎತ್ತಿದಳು. ಅವ್ವ ಓಡಿಹೋಗಿ ಹೊದೆಯುವ ಕೌದಿಯೊಂದನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದು ಕಂಡಿಗೆ ಅಡ್ಡ ನಿಂತಳು.

“ಧೂಳ ಭಾಳ ಐತ್ರಿ ಅತ್ತಿ, ಕಣ್ಣಾಗ ಬೀಳತೈತಿ.”

“ಹುಟ್ಟಿದಾಗಿಂದ ಧೂಳಾಗ ಇದ್ದೇನಿ. ಸರಿ ಅತ್ತಾಗ. ನಿನ್ನ ಕೌದಿ ನೋಡಾಕ ಕಿಡಕಿ ಮಾಡಿಸೇನೇನು?”

ಅವ್ವ ಅಲುಗಾಡಲಿಲ್ಲ. ಅಷ್ಟರಲ್ಲಿ ಮೇಲಿನ ತೊಲೆ ಕಿರ್ರ್ ಎಂದಿತು. ಮಾಳಿಗೆಯಿಂದ ಮಣ್ಣಿನ ಹೆಂಟೆಗಳು ಉದುರಿದವು, ಕೆಲವು ಆಯಿಯ ಹೊರಸಿನ ಮೇಲೆಯೇ. ಅಪ್ಪ ಏಣಿಯನ್ನು ತೊಲೆಗೆ ಆನಿಸಿ ಹೆಗಲು ಕೊಟ್ಟ. “ತೊಲಿ ಇಳಿಯಾಕ ಹತ್ತೇತಿ! ಎಲ್ಲಾರೂ ಹಿಡೀರಿ!” ಎಂದು ಕಿರುಚಿದ. ಅಕ್ಕ ಓಣಿಯ ಗೌಂಡಿ ಚಾಚಾನನ್ನು ಕರೆಯಲು ಓಡಿದಳು. ನಾನು ಏಣಿಯ ಕಾಲು ಹಿಡಿದೆ. ಏಣಿ ಜಾರುತ್ತಿತ್ತು. ಅವ್ವ ಅಪ್ಪನನ್ನು ನೋಡಿದಳು, ಆಯಿಯನ್ನು ನೋಡಿದಳು. ಆಮೇಲೆ ಕೌದಿ ಬಿಟ್ಟು ಬಂದು ಏಣಿ ಹಿಡಿದಳು.

ಆಯಿ ನೋಡಿದಳು. ಅಬ್ಬಲಿಗೆ ಇದ್ದಲ್ಲಿ ಕುಳ್ಳು. ಚಪ್ಪರ ಇದ್ದಲ್ಲಿ ಹತ್ತಿಕಟ್ಟಿಗೆ. ಅದರ ಮೇಲೆ ಓಣಿಯ ಒಂದು ಆಡು ನಿಂತು, ಏನನ್ನೋ ಮೆಲ್ಲುತ್ತಾ ನಮ್ಮನ್ನೇ ನೋಡುತ್ತಿತ್ತು.

ಮಾಳಿಗೆಯಿಂದ ಇನ್ನೂ ಮಣ್ಣು ಉದುರುತ್ತಿತ್ತು.

“ಹಂಗಾರ ನಾ ದಿನಾ ಕಟ್ಟಿದ ಹೂ ಯಾರ ಮನೀವು?”

“ಹೂಗಾರ ಮನೀವ್ರಿ ಅತ್ತಿ” ಅಂದಳು ಅವ್ವ. ಅವಳ ಕಣ್ಣೀರು ಗಲ್ಲದ ಧೂಳಿನಲ್ಲಿ ಗೆರೆ ಎಳೆಯುತ್ತಿತ್ತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಏಣಿಯ ಮೇಲೆ. ಅಪ್ಪನ ತಲೆಯ ಮೇಲೆ ಮಾಳಿಗೆಯೇ ಕೂತಿತ್ತು. ಆಯಿಗೆ ಗೋಡೆಯ ಕಡೆ ಹೊರಳಿ ಮಲಗಲೂ ಬರುವಂತಿರಲಿಲ್ಲ. ಮುಖದ ಮೇಲೆ ಸೆರಗು ಎಳೆದುಕೊಂಡಳು. ಇಷ್ಟಕ್ಕೆಲ್ಲ ಕಾರಣ ನನ್ನ ಕ್ರಾಸ್ ವೆಂಟಿಲೇಶನ್. ಸಾರಿ ಅನ್ನಬೇಕೆಂದರೆ ಆ ಮಾತನ್ನು ಯಾರಿಗೆ ಹೇಳಲಿ, ಯಾವ ಭಾಷೆಯಲ್ಲಿ ಹೇಳಲಿ, ತಿಳಿಯಲಿಲ್ಲ.

ಗೌಂಡಿ ಚಾಚಾ ಬಂದು ಬಾಗಿಲಲ್ಲೇ ನಿಂತು ಹಣೆ ಬಡಿದುಕೊಂಡ. “ಗುಮಾಸ್ತರ, ಚೀಟಿ ಬರಿಯೂದು ಬ್ಯಾರೆ, ಗ್ವಾಡಿ ಒಡಿಯೂದು ಬ್ಯಾರೆರಿ. ಮ್ಯಾಲಿಂದ ಬಿಚ್ಚಿಕೋತ ಬರಬೇಕು. ನೀವು ಅದರ ಹೊಟ್ಟಿಗೇ ಕೈ ಹಾಕೀರಿ!” ಬಯ್ಯುತ್ತಲೇ ಎರಡು ಮರದ ದಿಮ್ಮಿ ತರಿಸಿ ತೊಲೆಗೆ ಆಸರೆ ಕೊಟ್ಟ. ಅಪ್ಪ ಅವ್ವ ಕೈ ಬಿಟ್ಟು ಕುಸಿದು ಕೂತರು. ಕಿಟಕಿ ಇಲ್ಲಿ ನಿಲ್ಲುವುದಿಲ್ಲ, ಮಾಳಿಗೆಯ ಭಾರವೆಲ್ಲ ಇದರ ಮೇಲೆಯೇ ಇದೆ, ಹೊತ್ತು ಮುಳುಗುವುದರೊಳಗೆ ಮುಚ್ಚಬೇಕು ಎಂದ ಚಾಚಾ.

“ಒಂದು ಸಣ್ಣ ಕಿಂಡಿನರ ಬಿಡು ಚಾಚಾ” ಎಂದ ಅಪ್ಪ.

“ಮುಷ್ಟಿಯಷ್ಟೂ ಆಗಂಗಿಲ್ರಿ.”

ಚಾಚಾ ಹಿತ್ತಲಲ್ಲಿ ಕೆಸರು ತುಳಿದು, ಕಲ್ಲಿನ ಮೇಲೆ ಕಲ್ಲು ಇಡುತ್ತಾ ಬಂದ. ಅರ್ಧ ಕಂಡಿ ಮುಚ್ಚಿದಾಗ ಆಯಿ ಸೆರಗು ಸರಿಸಿದಳು. ಅವ್ವನನ್ನು ಕರೆಯಲಿಲ್ಲ, ಅಕ್ಕನನ್ನೂ ಕರೆಯಲಿಲ್ಲ. “ಏ ಸಾಲಿ ಹುಡುಗಿ” ಅಂದಳು ನನಗೆ. “ಹೊರಗ ಹೋಗು. ಉಗುರಲೆ ಟೊಂಗಿ ಕೆರದು ನೋಡು. ಒಳಗ ಹಸರ ಇದ್ರ ಜೀವ ಐತಿ. ನಾ ಕೇಳತೇನಿ, ನೀ ಹೇಳು. ಖರೇ ಹೇಳಬೇಕ ಮತ್ತ.”

ನಾನು ಹೋದೆ. ಅಕ್ಕ ಹಿಂದೆಯೇ ಬಂದು ಹತ್ತಿಕಟ್ಟಿಗೆ ಸರಿಸಿಕೊಟ್ಟಳು. ಕೈಗೆಲ್ಲ ಪರಚಿತು.

“ಕರಿಬೇವು?”

“ಒಣಗೇತಿ ಆಯಿ.”

“ಬಸಳಿ?”

“ಬೇರ ಸೈತ ಇಲ್ಲ ಆಯಿ.”

“ಅಬ್ಬಲಿಗಿ?” ಈ ಸಲ ಧ್ವನಿ ಸಣ್ಣಗಿತ್ತು, ಕಂಡಿಯೂ ಸಣ್ಣದಾಗಿತ್ತು. ಕಡ್ಡಿ ಮುರಿದರೆ ಪಟ್ಟೆಂದು ಮುರಿಯಿತು. ಹೇಳಿದೆ.

ಇನ್ನೊಂದು ಕಲ್ಲು ಇಟ್ಟರೆ ಮುಗಿಯಿತು. ಚಾಚಾ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕಾಯುತ್ತಾ ನಿಂತ. “ದುಂಡುಮಲ್ಲಿಗಿ?” ಎಂದು ಗೋಡೆಯ ಒಳಗಿನಿಂದ ಧ್ವನಿ ಬಂತು.

ಮೂಲೆಯಲ್ಲಿ ಗೇಣುದ್ದದ ಬೊಡ್ಡೆ ಉಳಿದಿತ್ತು. ಕೆರೆದೆ. ಮಬ್ಬುಗತ್ತಲೆ. ಹಸಿರೋ ಕಂದೋ ಗೊತ್ತಾಗಲಿಲ್ಲ. ಮತ್ತೆ ಕೆರೆದೆ. ಅಕ್ಕ ಬೆನ್ನಿಗೆ ತಿವಿದು, “ಹಸರ ಐತಿ ಅನ್ನು. ಅನ್ನು!” ಎಂದು ಪಿಸುಗುಟ್ಟಿದಳು. ಅನ್ನಬೇಕೆಂದು ನನಗೂ ಎಷ್ಟು ಆಸೆಯಿತ್ತು.

“ಗೊತ್ತಾಗವಲ್ದು ಆಯಿ.”

“ಹಾಂ. ನೀರ ಹಾಕು” ಎಂದಳು ಆಯಿ. ಚಾಚಾ ಕಲ್ಲು ಇಟ್ಟ.

ರಜೆ ಮುಗಿಯುವವರೆಗೂ ಆ ಬೊಡ್ಡೆಗೆ ಎರಡು ಹೊತ್ತು ನೀರು ಹಾಕಿದೆ. ಆಯಿ ಕೇಳುವಳು, “ಏನೂ ಇಲ್ಲ” ಅನ್ನುವೆನು. ಬೆಳಗಾವಿಗೆ ಹೋದ ಮೇಲೆ ಅಕ್ಕನ ಕಾಗದ ಬಂತು: ಮಲ್ಲಿಗೆ ಚಿಗುರಿದೆ, ಎರಡೆಲೆ ಬಂದಿವೆ, ಆಯಿಗೆ ಹೇಳಿದಾಗ ತುಂಬ ಖುಷಿಪಟ್ಟಳು. ನವರಾತ್ರಿಯ ರಜೆಗೆ ನಾನು ಬರುವಷ್ಟರಲ್ಲಿ ಆಯಿ ಇರಲಿಲ್ಲ. ಮಲ್ಲಿಗೆಯ ಆ ಮೂಲೆಯಲ್ಲಿ ಅಪ್ಪ ಹೊಸ ಬಚ್ಚಲು ಕಟ್ಟಿಸಿದ್ದ, ಕಿತ್ತೂರಿನ ಚೌಕಟ್ಟು ಅದರ ಗೋಡೆಯಲ್ಲಿ ಕೂತಿತ್ತು. “ಖರೇನ ಚಿಗತಿತ್ತೇನ?” ಎಂದು ಅಕ್ಕನನ್ನು ಕೇಳಿದೆ. “ಚಿಗತಿತ್ತು” ಅಂದಳು, ನನ್ನ ಮುಖ ನೋಡದೆ. ಅಕ್ಕ ಹೋಗಿಯೂ ಎಷ್ಟೋ ವರ್ಷಗಳಾದವು. ಅದು ಚಿಗುರಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ಬೈಲಹೊಂಗಲದ ನಮ್ಮ ಮನೆಗೆ ರೂಮಿಗೆ ಎರಡೆರಡು ಕಿಟಕಿ, ಸರಿಸಿದರೆ ಸದ್ದಿಲ್ಲದೆ ಸರಿಯುವ ಗಾಜು. ಮೊಬೈಲಿಗೆ ಗ್ಲೇರ್ ಬರುತ್ತದೆಂದು ನೀವು ಕರ್ಟನ್ ಎಳೆಯುತ್ತೀರಿ. ಹೋದ ತಿಂಗಳು ವಿಡಿಯೋ ನೋಡಿ ಒಂದು ಪ್ರಾಜೆಕ್ಟ್ ಮಾಡಿದಿರಿ, ನೀರಿನ ಬಾಟಲಿ ಕತ್ತರಿಸಿ, ಹಗ್ಗ ಕಟ್ಟಿ, ಬಾಲ್ಕನಿಯ ಉದ್ದಕ್ಕೂ ಅಜ್ಜಿಗೊಂದು ಗಾರ್ಡನ್. ಖರ್ಚಿಲ್ಲದ ಕೆಲಸ, ಚಂದದ ಕೆಲಸ. ಅದರಲ್ಲಿ ನನ್ನ ಸೇವಂತಿಗೆ ಈ ಬಿಸಿಲಿಗೆ ಸತ್ತುಹೋಯಿತು, ಅಲ್ಲವೇ? ನನ್ನ ಕಣ್ಣಿನ ಆಪರೇಶನ್ ಇನ್ನೂ ಆಗಿಲ್ಲ, ಅಜ್ಜಿಗೆ ಕಾಣುವುದಿಲ್ಲ ಎಂದುಕೊಂಡು ಅದರ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಸೇವಂತಿಗೆ ಇಟ್ಟಿರಿ. ನಮ್ಮ ಅಕ್ಕ ದಿನಾ ನಸುಕಿನಲ್ಲಿ ಓಡಬೇಕಾಗಿತ್ತು. ನಿಮ್ಮದು ಒಂದೇ ಸಲ ಡಬ್ಬದಲ್ಲಿ ಬಂತು, ಬಾಡುವ ಮಾತೇ ಇಲ್ಲ.

ಬುಧವಾರ ಎಲೆ ಮುಟ್ಟಿ ನೋಡಿದಾಗಲೇ ನನಗೆ ಗೊತ್ತಾಯಿತು. ಆಗ ನೀವಿಬ್ಬರೂ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಿರಿ, ಅದೂ ಗೊತ್ತಾಯಿತು. ಚೊಂಬು ತಂದು ಅದಕ್ಕೂ ನೀರು ಹಾಕಿದೆ, ಮಕ್ಕಳೇ.