ಬಂದಳಿಕೆ ಕಡಿಯದ ಯಾಕೂಬಸಾಬ

ಉಪ್ಪಿನಬೆಟಗೇರಿಯ ಯಾಕೂಬಸಾಬನನ್ನು ಮಾವಿನ ತೋಟ ಇದ್ದವರೆಲ್ಲ ಬಲ್ಲರು. ಅವನ ಕಸುಬು ಒಂದೇ, ಬಂದಳಿಕೆ ಕಡಿಯುವುದು. ನೆಲದ ಗೊಡವೆಯಿಲ್ಲದೆ ಮಾವಿನ ಕೊಂಬೆಯೊಳಗೇ ಬೇರಿಳಿಸಿ, ಅದರ ಸಾರ ಕುಡಿದು, ಕಡೆಗೆ ಆಸರೆ ಕೊಟ್ಟ ಕೊಂಬೆಯನ್ನೇ ಒಣಗಿಸುವ ಗಿಡ ಅದು. ಹೆಬ್ಬೆರಳಿನಷ್ಟು ಹಕ್ಕಿಯೊಂದು ಅದರ ಹಣ್ಣು ತಿಂದು, ಅಂಟುಬೀಜವನ್ನು ಇನ್ನೊಂದು ಕೊಂಬೆಗೆ ಒರೆಸಿ ಹೋಗುತ್ತದೆ. ಹಕ್ಕಿಗೆ ಊಟ, ಬಂದಳಿಕೆಗೆ ಸವಾರಿ. ಅವರಿಬ್ಬರ ದೋಸ್ತಿಯಲ್ಲಿ ಗಂಟು ಕಳೆದುಕೊಳ್ಳುವುದು ಮಾವು. ಹಕ್ಕಿಯದೇನೂ ತಪ್ಪಿಲ್ಲ, ಅದಕ್ಕೆ ಹಸಿವು ಎನ್ನುತ್ತಿದ್ದ ಯಾಕೂಬಸಾಬ. ಬಂದಳಿಕೆಗೆ ಮಾತ್ರ ಅವನಲ್ಲಿ ಮಾಫಿ ಇರಲಿಲ್ಲ.

ಅಂಥವನು ಈ ಸಲ ನನ್ನ ತೋಟದ ಕಡೆ ತಲೆಯನ್ನೇ ಹಾಕಲಿಲ್ಲ. ಫೋನ್ ಮಾಡಿದರೆ ನಾಳೆ ಬರುತ್ತೇನೆ ಎಂದ. ಅವನ ನಾಳೆ ಬರುವಷ್ಟರಲ್ಲಿ ಬಂದಳಿಕೆ ಹೂಬಿಟ್ಟು ಕಾಯಿಯೂ ಆಯಿತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಸ್ಕೂಟರ್ ಹತ್ತಿ ಅವನ ಮನೆಗೇ ಹೋದೆ.

ಅಂಗಳದಲ್ಲಿ ಅವನ ಮಗಳು ನಿಶಾತ ಹೊರಸಿನ ಮೇಲೆ ಕೂತಿದ್ದಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ಹೊಟ್ಟೆಯೊಂದನ್ನು ಬಿಟ್ಟರೆ ಮೈಯಲ್ಲಿ ಏನೂ ಉಳಿದಿರಲಿಲ್ಲ, ತುಟಿ ಬಿಳಿಚಿತ್ತು. ತಂದ ಬೈಗುಳವನ್ನು ನುಂಗಿಕೊಂಡೆ.

ರಕ್ತ ತೀರ ಕಡಿಮೆಯಂತೆ, ಹೆರಿಗೆಯಲ್ಲಿ ಇನ್ನಷ್ಟು ಹೋದರೆ ಜೀವಕ್ಕೇ ಕಷ್ಟವಂತೆ ಎಂದಳು ಯಾಕೂಬಸಾಬನ ಹೆಂಡತಿ ರೆಹಮತ್‌ಬಿ. ಮನೆಯಲ್ಲಿ ಬಸುರಿ ಇರುವಾಗ ಗಂಡಸರು ಹಸಿ ಗಿಡ ಕಡಿಯಬಾರದು ಎಂಬ ರೂಢಿಯೂ ಅವರಲ್ಲಿತ್ತು. ಬಂದಳಿಕೆ ಕಡಿದರೆ ಗಿಡ ಉಳಿಸಿದಂತಲ್ಲವೇ ಎಂದು ನಾನು ವಾದ ಹೂಡಿದೆ. ಗೋಡೆಗೆ ಒರಗಿ ಕೂತಿದ್ದ ಯಾಕೂಬಸಾಬ ಕಡ್ಡಿಯಿಂದ ನೆಲ ಕೆದಕುತ್ತಿದ್ದ.

"ರೂಢಿ ಅಲ್ರಿ ಅಕ್ಕಾರ," ಎಂದಳು ನಿಶಾತ. ತಾಯಿಗೆ ಸಾಲಲಿ ಬಿಡಲಿ, ಕೂಸು ತನಗೆ ಬೇಕಾದ್ದನ್ನು ಎಳೆದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಅಂದಿನಿಂದ ಅಪ್ಪ ಅವಳ ಹೊಟ್ಟೆಯ ಕಡೆ ಕಣ್ಣು ಹಾಯಿಸಿರಲಿಲ್ಲ. ಅವಳು ಅಪ್ಪನ ಕಡೆ ತಿರುಗಿದಳು.

"ಅಬ್ಬಾ, ಖರೇ ಹೇಳು. ನನ್ನ ಕೂಸು ನಿನಗ ಬಂದಳಿಕಿ ಹಂಗ ಕಾಣ್ತೈತಿ, ಹೌದಿಲ್ಲೋ?"

ರೆಹಮತ್‌ಬಿ ತೌಬಾ ಎಂದು ಗಲ್ಲ ಬಡಿದುಕೊಂಡಳು. ಯಾಕೂಬಸಾಬ ಅಲ್ಲ ಎನ್ನಲಿಲ್ಲ. ಕೊಡಲಿ ಎತ್ತಿದರೆ ಅದೇ ಕಣ್ಮುಂದೆ ಬರುತ್ತದೆ, ನಾನೇನು ಮಾಡಲಿ ಎಂದು ಅತ್ತುಬಿಟ್ಟ. ನನಗೆ ಕೂತಲ್ಲಿ ಕೂರಲಾಗಲಿಲ್ಲ.

"ಬಂದಳಿಕಿ ಸುಮ್ನ ಕುಡೀತೈತಿ," ಎಂದಳು ನಿಶಾತ. "ಇದು ಒದೀತೈತಿ. ಊಟ ಬ್ಯಾಡ ಅಂತ ಮಲಗಿದ್ರ ಎಬ್ಬಸ್ತೈತಿ. ಇದರ ಸಲುವಾಗೇ ನಾ ಎರಡು ತುತ್ತು ಉಣ್ಣಾಕತ್ತೇನಿ. ನೀ ಹೋಗಿ ಕಡಿ."

ಮರುದಿನ ಬಂದ. ಆದರೆ ಅದು ಹಳೆಯ ಯಾಕೂಬಸಾಬ ಅಲ್ಲ. ಎರಡು ಪೆಟ್ಟು ಹಾಕುವುದು, ಜೇಬಿನ ಫೋನ್ ಮುಟ್ಟಿ ನೋಡುವುದು. ಎಲ್ಲಿ ಜಾರಿ ಬೀಳುತ್ತಾನೋ ಎಂದು ನಾನು ಕೆಳಗೆ ಜೀವ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದೆ. ತೋಟ ಮುಗಿಯುತ್ತ ಬಂದಿದ್ದಾಗ ಒಂದು ಮಧ್ಯಾಹ್ನ ಫೋನ್ ಬಂತು. ಕೊಡಲಿಯನ್ನು ಕೊಂಬೆಯಲ್ಲೇ ಬಿಟ್ಟು ಇಳಿದ.

ನಿಶಾತಳಿಗೆ ನೋವು ಶುರುವಾಗಿತ್ತು, ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಧಾರವಾಡದ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯ ಬಾಗಿಲು ಮುಚ್ಚಿತ್ತು. ರಕ್ತದ ಬಾಟಲಿ ಒಳಗೆ ಹೋಯಿತು, ಆಮೇಲೆ ಇನ್ನೊಂದು. ನನ್ನ ತವರುಮನೆಯ ದೇವರಿಗೆಲ್ಲ ನಾನೂ ಹರಕೆ ಹೊತ್ತೆ. ಯಾಕೂಬಸಾಬನ ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ.

ಕಡೆಗೆ ನರ್ಸ್ ಬಂದು ಇಬ್ಬರೂ ಪಾರಾದರು ಎಂದು ಹೇಳಿ, ರೆಹಮತ್‌ಬಿಯ ಹಳೆಯ ಸೀರೆಯಲ್ಲಿ ಸುತ್ತಿದ ಹೆಣ್ಣುಕೂಸನ್ನು ಅವನ ತೊಡೆಯ ಮೇಲಿಟ್ಟಳು. ಮುಟ್ಟಲು ಅಂಜಿಕೊಂಡೇ ಚಾಚಿದ ಅವನ ಬೆರಳನ್ನು ಅದು ಗಟ್ಟಿಯಾಗಿ ಹಿಡಿಯಿತು. ಹಿಡಿದುಕೊಂಡದ್ದನ್ನು ಬಿಡಿಸುವುದರಲ್ಲೇ ಆಯುಷ್ಯ ಕಳೆದವನು ಅವನು. ತಾಯಿ ಕೇಳುತ್ತಿದ್ದಾಳೆ, ಕೂಸನ್ನು ಕೊಡಿ ಎಂದು ನರ್ಸ್ ಕೈಚಾಚಿದಳು. ಅವನು ಬೆರಳು ಬಿಡಿಸಿಕೊಳ್ಳಲಿಲ್ಲ, ಕೂಸಿನ ಜೊತೆಗೇ ಎದ್ದು ಒಳಗೆ ನಡೆದ.