ಏಳನೆಯ ಕಮಾನು

ಇಲ್ಲದ್ದು ಕಂಡಿತು ಎನ್ನುವವರ ಮಾತನ್ನು ನಾನು ಎಂದೂ ನಂಬಿದವಳಲ್ಲ. ನನ್ನ ನೆನಪನ್ನೇ ಪೂರ್ತಿ ನಂಬುವುದಿಲ್ಲ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತಿರುವುದು ಅದಕ್ಕೇ. ಇದನ್ನೂ ಆ ದಿನದ ಪುಟ ಮುಂದಿಟ್ಟುಕೊಂಡೇ ಹೇಳುತ್ತಿದ್ದೇನೆ.

ಮಹಾರಾಷ್ಟ್ರಕ್ಕೆ ಸೇರಿದ ಜತ್ತಿನ ನಮ್ಮ ಹಳೆಯ ಕಮಾನು ಪೇಟೆಯಲ್ಲಿ ಒಂದೇ ಸೂರಿನಡಿ ಹತ್ತು ಅಂಗಡಿಗಳಿವೆ. ಅದರ ಇತಿಹಾಸ ಬರೆದವರು ಶಾಲೆಯ ಮಾಸ್ತರರಾಗಿದ್ದ ನನ್ನ ಅಪ್ಪ. ಅವರು ತೀರಿಕೊಂಡ ಮೇಲೆ ಅಂಗಡಿಕಾರರು ಆ ಬರಹವನ್ನು ಕಲ್ಲಿನಲ್ಲಿ ಕೆತ್ತಿಸಲು ಹೊರಟರು. ತಪ್ಪಿದ್ದರೆ ತಿದ್ದಿ ಸಹಿ ಹಾಕಿಕೊಡು ಎಂದು ನನ್ನನ್ನು ಕೇಳಿದರು.

ಅಂಗಡಿ ಹತ್ತು, ಕಮಾನು ಹನ್ನೊಂದು. ಏಳನೆಯ ಕಮಾನಿನ ಹಿಂದೆ ಬರೀ ಗೋಡೆ. ಅದನ್ನು ಅಂದಕ್ಕಾಗಿ ಕಟ್ಟಿದ್ದು, ಅಲ್ಲಿ ಎಂದೂ ಅಂಗಡಿ ಇರಲಿಲ್ಲ ಎಂದು ಅಪ್ಪ ಬರೆದಿದ್ದರು.

ಒಂದು ಶುಕ್ರವಾರ ಮಧ್ಯಾಹ್ನ ಅಳತೆ ಪಟ್ಟಿ ಹಿಡಿದು ನಿಂತಿದ್ದಾಗ, ಎದುರಿಗೆ ಬಳೆ ಮಾರುವ ಹಸೀನಾ ಚಾಚಿ ಎದ್ದು ಬಂದಳು.

"ಅಲ್ಲಿ ನಮ್ಮ ಮಾವಂದು ಟೇಲರ್ ಅಂಗಡಿ ಇತ್ತವಾ. ನಾವು ಊರಾಗ ಇಲ್ಲದಾಗ ಬಾಜೂದವ್ರು ಬಾಗಲಕ್ಕ ಗೋಡಿ ಕಟ್ಟಿ ತಮ್ಮ ಅಂಗಡಿ ಒಳಗ ತಗೊಂಡ್ರು. ಕಲ್ಲಿನ್ಯಾಗರ ಅವ್ರ ಹೆಸರು ಬರ್ಸು."

"ಅಪ್ಪ ಹಂಗ ಬರದಿಲ್ಲಲ್ರಿ ಚಾಚಿ. ಅವ್ರು ಸುಳ್ಳ ಬರಿಯಾವ್ರಲ್ಲ."

"ಭಾಳ ಕಲ್ತಾಕಿ ನೀ. ನಿಮ್ಮಪ್ಪ ಬರದಿಲ್ಲಂದ್ರ ನಮ್ಮ ಮಾವ ಹುಟ್ಟೇ ಇಲ್ಲೇನು?"

ನಗುತ್ತಲೇ ಕೇಳಿದಳು. "ಪುರಾವೆ ಇದ್ರ ತೋರಿಸ್ರಿ" ಎಂದೆ. ಅವಳ ನಗು ನಿಂತಿತು.

ನಮ್ಮ ಪೇಟೆಯಲ್ಲಿ ಶುಕ್ರವಾರ ಸಂಜೆ ಹಿಂದೂಗಳಾಗಲಿ ಮುಸ್ಲಿಮರಾಗಲಿ ಎಲ್ಲರೂ ಅಂಗಡಿಗೆ ಲೋಬಾನದ ಹೊಗೆ ಹಾಕಿಸುತ್ತಾರೆ. ವಾರವಾರ ಹೊಗೆ ಹಾಕಲು ಬರುವ ಫಕೀರನಿಗೆ ಮೈ ನೆಟ್ಟಗಿರಲಿಲ್ಲವೆಂದು ಅಂದು ಬಾಲಗಾಂವದ ಅವನ ಅಳಿಯ ಬಂದಿದ್ದ. ಪೇಟೆಗೆ ಅದೇ ಮೊದಲ ಸಲ. ಆರು ಅಂಗಡಿ ಮುಗಿಸಿ ಅವನು ಏಳನೆಯ ಕಮಾನಿನ ಗೋಡೆಯ ಮುಂದೆ ನಿಂತ, ನವಿಲುಗರಿ ಬೀಸಿದ. ಹೊಗೆ ಮೇಲೇಳಲಿಲ್ಲ. ತೆರೆದ ಬಾಗಿಲೊಳಗೆ ಹೋದಂತೆ ಗೋಡೆಯತ್ತ ಸರಿದು ಇಲ್ಲವಾಯಿತು. 'ಗಾಳಿ ಇದ್ದೀತು' ಎಂದು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ.

"ಅಲ್ಲಿ ಯಾರಿಗಿ ಹೊಗಿ ಕೊಟ್ರಿ?" ಎಂದು ಕೇಳಿದೆ.

"ಆ ಅಜ್ಜಾರಿಗ್ರಿ. ತಲೀನೂ ಎತ್ತಲಿಲ್ಲ ನೋಡ್ರಿ, ಕರೀ ಕೋಟಿಗಿ ಗುಂಡಿ ಹಚ್ಚಾಕತ್ತಾರ."

ಅಷ್ಟು ಹೇಳಿ ಮುಂದಿನ ಅಂಗಡಿಗೆ ನಡೆದ. ನಾನು ಗೋಡೆ ಮುಟ್ಟಿ ನೋಡಿದೆ. ತಣ್ಣಗಿತ್ತು.

ಚಾಚಿಯೇ ಹೇಳಿಕೊಟ್ಟಿರಬೇಕು ಎಂದುಕೊಂಡು ಮನೆಗೆ ಬಂದೆ. ಅವನ ಮಾತನ್ನು ಬರೆದು ಮುಗಿಸಿದ ಮೇಲಷ್ಟೇ ಅಪ್ಪನ ಕರೀ ಕೋಟು ನೆನಪಾಯಿತು. ಶಾಲೆಗೂ ಸಭೆಗೂ ಅವರಿಗೆ ಅದೊಂದೇ ಕೋಟು. ಕಮಾನು ಪೇಟೆಯ ಇತಿಹಾಸವನ್ನು ಎಲ್ಲರೆದುರು ಓದಿದ್ದೂ ಅದನ್ನೇ ತೊಟ್ಟು. ಟ್ರಂಕಿನಿಂದ ತೆಗೆದು ಕಾಲರು ತಿರುವಿದೆ. ಒಳಗೆ ಹೊಲಿದಿದ್ದ ಸವೆದ ಬಟ್ಟೆಪಟ್ಟಿಯ ಮೇಲೆ ಮರಾಠಿಯಲ್ಲಿ ಚಾಚಿಯ ಮಾವನ ಹೆಸರು, ಅದರ ಕೆಳಗೆ 'ಕಮಾನು ಪೇಟೆ, ಏಳನೆಯ ಅಂಗಡಿ'.

ಬಾಜೂ ಅಂಗಡಿಯ ಸಾಹುಕಾರರು ಅಪ್ಪನ ಗೆಳೆಯರು. ಆ ಒಂದು ಸಾಲು ಯಾರಿಗಾಗಿ ಬರೆದದ್ದೆಂದು ಈಗ ಕೇಳಲು ಅಪ್ಪ ಇಲ್ಲ. ಅವರ ಮಾತು ನಂಬಿ ನಾನು ಚಾಚಿಯ ಬಾಯಿ ಮುಚ್ಚಿಸಿ ಬಂದಿದ್ದೆ.

ಇನ್ನೊಂದು ವಿಷಯ. ಕೋಟಿನ ಎಲ್ಲಕ್ಕಿಂತ ಮೇಲಿನ ಗುಂಡಿ ಬಿದ್ದುಹೋಗಿತ್ತು, ಅಪ್ಪ ಕೊನೆಯ ದಿನಗಳಲ್ಲಿ ಪಿನ್ನು ಚುಚ್ಚಿಕೊಳ್ಳುತ್ತಿದ್ದರು. 'ಗುಂಡಿ ಹಚ್ಚಿಕೊಡಬೇಕು' ಎಂದು ಹಳೆಯ ಪುಟವೊಂದರಲ್ಲಿ ನನ್ನದೇ ಅಕ್ಷರದಲ್ಲಿದೆ. ಆ ಸಂಜೆ ನೋಡಿದರೆ ಗುಂಡಿ ಇತ್ತು. ನಾನೇ ಹಚ್ಚಿ ಮರೆತಿದ್ದೇನೋ ಎಂದು ದಿನಚರಿಯ ಪುಟಪುಟವನ್ನೂ ಹುಡುಕಿದ್ದೇನೆ, ಎಲ್ಲಿಯೂ ಸಿಕ್ಕಿಲ್ಲ.

ಮರುದಿನ ಅಪ್ಪನ ಆ ಸಾಲನ್ನು ಹೊಡೆದುಹಾಕಿ, ಟೇಲರ್ ಹೆಸರು ಬರೆದು, ಸಹಿ ಹಾಕಿದೆ. ಕೋಟನ್ನು ಪುರಾವೆಯೆಂದು ಚಾಚಿಗೆ ಒಯ್ದುಕೊಟ್ಟೆ. ಅವಳು ಹೊಲಿಗೆಯ ಮೇಲೆ ಬೆರಳಾಡಿಸಿದಳು. ಕಲ್ಲು ಇನ್ನೂ ನಿಂತಿಲ್ಲ; ಸಾಹುಕಾರರ ಮನೆಯವರು ನನ್ನೊಡನೆ ಮಾತು ಬಿಟ್ಟಿದ್ದಾರೆ.

ಬಾಲಗಾಂವದವನಿಗೆ ಆ ಗೋಡೆಯಲ್ಲಿ ಅಂಗಡಿ ಹೇಗೆ ಕಂಡಿತೋ ನನಗೆ ಇಂದಿಗೂ ತಿಳಿಯದು. ಜೀವಮಾನವೆಲ್ಲ ಆ ಕೋಟು ತೊಟ್ಟ ಅಪ್ಪನಿಗೆ ಹೇಗೆ ಕಾಣಿಸಲಿಲ್ಲವೋ, ಅದೂ ತಿಳಿಯದು.