ಒಂದೇ ಸುಣ್ಣ, ಎರಡು ತೋಟ

ನಮ್ಮ ಮನೆಯಲ್ಲಿ ಡಿಗ್ರಿ ಪಾಸಾದ ಮೊದಲನೆಯವಳು ನಾನು. ಇದನ್ನು ಆಗಾಗ ಹೇಳಿಕೊಳ್ಳುತ್ತೇನೆ; ಹೇಳದಿದ್ದರೆ ಜನ ಮರೆತುಬಿಡುತ್ತಾರೆ. ನಾನು ಹೆತ್ತೂರು ಕಡೆಯ ಕಾಫಿ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯಾಳುಗಳ ಸಾಲುಮನೆಯಲ್ಲಿ, ಹುಟ್ಟಿದವಳು ಎಂಬುದನ್ನು ಮಾತ್ರ ಒಬ್ಬರೂ ಮರೆಯುವುದಿಲ್ಲ.

ಆನೇಮಹಲ್‌ನ ಬಾಡಿಗೆ ಕೋಣೆಯಲ್ಲಿ, ಲಾರಿಗಳ ಸದ್ದಿನ ಪಕ್ಕ ಕೂತು, ಪ್ರೋಗ್ರಾಮನ್ನು ಓದಿ ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಒಂದಕ್ಕೆ ಕೈಪಿಡಿ ಬರೆಯುವುದು ನನ್ನ ಕೆಲಸ. ಪ್ರೋಗ್ರಾಂ ಬರೆಯುವವರು ನಡುನಡುವೆ ಕಂಪೈಲರ್‌ಗೆಂದು ಗುರುತು ಹಾಕುತ್ತಾರೆ, ‘ಈ ಉತ್ತರವನ್ನು ಯಾರಾದರೂ ಬಿಸಾಡಿದರೆ ಎಚ್ಚರಿಸು’ ಎಂಬಂಥವು. ಅವೇ ಅಟ್ರಿಬ್ಯೂಟ್. ಸಿ, ಸಿ ಪ್ಲಸ್ ಪ್ಲಸ್ ಎರಡೂ ಭಾಷೆಗಳಲ್ಲಿ ಅದನ್ನು ಬರೆಯುವುದು ಜೋಡಿ ಚೌಕಾವರಣದೊಳಗೆ, [[ ]] ಹೀಗೆ. ನೋಡಲು ಒಂದೇ. ಆದರೆ ಗುರುತು ಯಾವ ಕಂಪೈಲರಿನ ಮನೆತನದ್ದು ಎಂಬುದನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಆವರಣದ ಮೊದಲಿಗೆ ಒಂದು ಸಲ ಹೇಳಿದರೆ ಮುಗಿಯಿತು. ಸಿ ಭಾಷೆಯಲ್ಲಿ ಪ್ರತಿ ಗುರುತಿಗೂ ಮತ್ತೆ ಹೇಳಬೇಕು. ಪ್ರತಿ ಸಲವೂ ಹೆಸರಿನ ಜೊತೆ ‘ಲೈನಿನವಳು’ ಎಂದು ಸೇರಿಸಿಯೇ ಕರೆಸಿಕೊಂಡವಳಿಗೆ ಈ ನಿಯಮ ಬೇಗ ತಲೆಗೆ ಹತ್ತಿತು.

ಇಂಥ ವ್ಯತ್ಯಾಸಗಳ ಅಧ್ಯಾಯ ನನ್ನ ಪಾಲಿಗೆ ಬಂದಿತ್ತು. ತಪ್ಪಿಲ್ಲದೆ ಹೊರಬಂದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ.

ನಮ್ಮ ಟೀಮಿನ ಮುಖ್ಯಸ್ಥರು ಇದೇ ಸೀಮೆಯ ಸಾಹುಕಾರರ ಮಗ. ಬಂಗಲೆಯ ಜಗಲಿಯೇ ಆಫೀಸು. ವಿಡಿಯೋ ಮೀಟಿಂಗಿನಲ್ಲಿ ಅವರ ಬೆನ್ನ ಹಿಂದೆ ಪಕ್ಕದ ತೋಟದ ಹಸಿರು ಕಾಣುತ್ತಿತ್ತು. ಆ ದಿನ ಮೈಕಿನಲ್ಲಿ ಕೊಂಬೆ ಕಡಿಯುವ ಕತ್ತಿಯ ಸದ್ದೂ ಕೇಳುತ್ತಿತ್ತು.

“ಏನಮ್ಮ, ಎರಡು ಪುಟ ಮಾಡಿದೀಯ? ಅಣ್ಣ ತಮ್ಮ ಕಣಮ್ಮ ಆ ಭಾಷೆಗಳು. ನಾನು ಕಳಿಸಿರೋ ಸಿ ಪ್ಲಸ್ ಪ್ಲಸ್ ಉದಾಹರಣೆ ಒಂದೇ ಹಾಕು, ಎರಡಕ್ಕೂ ಆಯ್ತು.”

“ಅದ್ರಲ್ಲಿ ಮನೆತನ ಒಂದೇ ಸಲ ಹೇಳಿದೆ, ಸಿ ಭಾಷೇಲಿ ಓಡಲ್ಲ ಸರ್. ಕಂಪೈಲರ್ ಬೈಯುತ್ತೆ.”

“ಬೈದ್ರೆ ಕಂಪೈಲರ್ ಹಳೇದು ಅಂದ್ಕೊ. ನಮ್ ಲೈನಿನ ಹುಡುಗೀರಿಗೆ ಎಲ್ಲದಕ್ಕೂ ಅನುಮಾನ.”

ಮೈಕ್ ಮುಚ್ಚಿಕೊಂಡವರೂ ನಕ್ಕರು, ಹಲ್ಲು ಕಂಡವು. ಸಿ ಭಾಷೆಯ ಪುಟವನ್ನು ನನ್ನೆದುರೇ ಅಳಿಸಿದರು. ಉದಾಹರಣೆ ಅವರದು, ಕೆಳಗಿನ ಹೆಸರು ಮಾತ್ರ ನನ್ನದು. ಔದಾರ್ಯಕ್ಕೆ ಕೊನೆಯಿಲ್ಲ.

ಅದು ಮರಗಸಿಯ ಕಾಲ, ಮಳೆಗೆ ಮುಂಚೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ. ಚಿಕ್ಕಪ್ಪ ತೀರಿಕೊಂಡ ಮೇಲೆ ಪಕ್ಕದ ತೋಟವೂ, ನಮ್ಮ ಲೈನಿನ ಸಮೇತ, ಮುಖ್ಯಸ್ಥರಿಗೇ ಬಂದಿತ್ತು. ತಾವೇ ಸುಣ್ಣದ ಬಕೆಟ್ ಹಿಡಿದು, ಅಲ್ಲಿ ಸವರಬೇಕಾದ ಮರಗಳಿಗೆ ಪಟ್ಟೆ ಬಳಿದಿದ್ದರು. ಅಪ್ಪನ ತೋಟದ ರೂಢಿ ಹಾಗೆ. ಚಿಕ್ಕಪ್ಪನ ತೋಟದಲ್ಲಿ ರೂಢಿ ತಿರುಗುಮುರುಗು: ಪಟ್ಟೆಯಿದ್ದ ಮರವನ್ನು ಯಾರೂ ಮುಟ್ಟುವಂತಿಲ್ಲ. ಆಳುಗಳೆಲ್ಲ ಚಿಕ್ಕಪ್ಪನ ಕಾಲದವರು. ಕಡಿದ ಕೊಂಬೆ ಒಟ್ಟುವವರಲ್ಲಿ ನನ್ನವ್ವನೂ ಒಬ್ಬಳು.

ಸಂಜೆ ಅವ್ವನೇ ಫೋನ್ ಮಾಡಿದಳು. “ನಿಮ್ ಸಾಹುಕಾರ್ರು ಕೂಗಾಡ್ತಾ ಅವ್ರೆ ಕಣವ್ವ. ನೆರಳೆಲ್ಲ ಹೋಗ್ಬುಡ್ತು. ಕಾಫಿ ಗಿಡದ ನೆತ್ತಿ ಮ್ಯಾಲೇ ಬಿಸ್ಲು.”

“ಪಟ್ಟೆ ನೋಡ್ಲಿಲ್ವೇನವ್ವ?”

“ನೋಡೇ ಬುಟ್ಟಿದ್ದು. ಪಟ್ಟೆ ಇದ್ದಿದ್ದು ಒಂದನ್ನೂ ಮುಟ್ಟಿಲ್ಲ. ಕಣ್ಣಿಲ್ವಾ ಅಂತಾರೆ. ನಮಗ್ ಕಣ್ಣೈತೆ. ಬಾಯಿರೋರು ಒಂದ್ ಮಾತು ಕೇಳ್ಬೇಕಿತ್ತು.”

ಮರುದಿನದ ಮೀಟಿಂಗಿನಲ್ಲಿ ಅವರ ಹಿಂದೆ ಬರೀ ಆಕಾಶ. ನಾನು ತೋಟದ ಮಾತೆತ್ತಲಿಲ್ಲ. ಅವರ ಉದಾಹರಣೆಯನ್ನು ಎಲ್ಲರ ಮುಂದೆ ಸಿ ಭಾಷೆಯಲ್ಲಿ ಓಡಿಸಿದೆ. ಕಂಪೈಲರ್ ಬೈಯಿತು. ಅದಕ್ಕೆ ಸಾಹುಕಾರರ ಭಯವಿಲ್ಲ, ಲೈನಿನ ಮನೆ ಖಾಲಿ ಮಾಡಿಸುತ್ತಾರೆಂಬ ಚಿಂತೆಯೂ ಇಲ್ಲ.

“ಗುರುತು ಒಂದೇ ಸರ್,” ಎಂದೆ, “ಓದೋರು ಬೇರೆ.”

ಅವರು ಕೆಂಪಗಾದರು. ಬಿಸಿಲಿಗಿರಬೇಕು. “ಎರಡು ಪುಟ ಇರಲಿ,” ಎಂದರು. ಆಮೇಲೆ ಉಳಿದವರತ್ತ ತಿರುಗಿ, “ನಾನು ಮೊದಲಿಂದಲೂ ಹೇಳ್ತಾನೇ ಇದೀನಿ, ಹತ್ತಿರದ ಭಾಷೆಗಳಲ್ಲೇ ಜಾಸ್ತಿ ಹುಷಾರಾಗಿರಬೇಕು ಅಂತ.” ಎಲ್ಲರೂ ತಲೆಯಾಡಿಸಿದರು. ನಿನ್ನೆ ನಕ್ಕ ಹಲ್ಲುಗಳೇ.

ಅಧ್ಯಾಯ ಎರಡು ಪುಟವಾಗಿಯೇ ಹೊರಬಂತು. ಕೆಲಸ ಕಾಯಮಾಯಿತು. ಅವ್ವನಿಗೆ ಹೇಳಿದೆ.

“ಆಗ್ಲಿ ಬುಡು, ಒಳ್ಳೇದಾಯ್ತು,” ಎಂದಳು. “ನಮಗೂ ಕೆಲ್ಸ ಐತೆ, ಹೊಸ ನೆರಳಿನ ಗಿಡ ನೆಡೋದು. ಸುಣ್ಣದ ಬಕೀಟು ಮಾತ್ರ ತ್ವಾಟದ ಲೆಕ್ಕ ಬರ್ಯೋ ರೈಟರು ಸ್ಟೋರ್ ರೂಮಿಗಾಕಿ ಬೀಗ ಜಡ್ದವ್ರೆ.”